26 ಗೋಲಿನ ಫಾರ್ವರ್ಡ್: ಅಲೆಕ್ಸ್ ಜೇಮ್ಸ್ ಬಗ್ಗೆ ಓದುಗರು ಕೇಳಿದ್ದು

ಹೋದ ಸಂಚಿಕೇಲಿ ಎರಡು ಮಹಾಯುದ್ಧಗಳ ನಡುವಿನ ಫುಟ್‌ಬಾಲ್ ಬಗ್ಗೆ ಬರೀವಾಗ ಅಲೆಕ್ಸ್ ಜೇಮ್ಸ್ ಅನ್ನೋ ಹೆಸರು ಒಂದೇ ಸಾಲಲ್ಲಿ ಬಂದು ಹೋಗಿತ್ತು. ಸ್ಕಾಟ್ಲೆಂಡ್ ಕೊಟ್ಟ ಆಟಗಾರರಲ್ಲಿ ಇವನಷ್ಟು ತಲೆ ಓಡಿಸಿ ಆಡಿದವರು ಕಮ್ಮಿ ಅಂತ ಬರೆದಿದ್ದೆ. ಆ ಒಂದು ಸಾಲಿಗೇ ಇಷ್ಟು ಪತ್ರ ಬಂದಿದೆ, ಹಂಗಾಗಿ ಈ ಸಲದ ಕಾಲಂ ಪೂರ್ತಿ ಅವನಿಗೇ.

ಪ್ರಶ್ನೆ: ಸಾರ್, ನೀವು ಹೊಗಳಿದ್ದು ಓದಿ ಹುಡುಕಿ ನೋಡ್ದೆ. ಎಂಟು ಸೀಸನ್ ಲಂಡನ್‌ನ ಕ್ಲಬ್ ಆರ್ಸೆನಲ್‌ನಲ್ಲಿ ಫಾರ್ವರ್ಡ್ ಆಗಿ ಆಡಿ ಲೀಗಲ್ಲಿ ಹೊಡೆದಿದ್ದು 26 ಗೋಲು. ಆ ಕಾಲದಲ್ಲಿ ಬೇರೆಯವರು ಒಂದೇ ಸೀಸನ್‌ಗೆ ಅಷ್ಟು ಹೊಡೀತಿದ್ರು. ಇವನು ಅಷ್ಟು ದೊಡ್ಡ ಆಟಗಾರ ಹೆಂಗಾಗ್ತಾನೆ?

ಉತ್ತರ: ನಿಮ್ಮ ಲೆಕ್ಕ ಸರಿ ಇದೆ. 1929ರಿಂದ 1937ರ ತನಕ ಲೀಗಲ್ಲಿ 231 ಮ್ಯಾಚ್, 26 ಗೋಲು. ಕಪ್ ಮ್ಯಾಚೆಲ್ಲಾ ಸೇರಿಸಿದ್ರೂ 261ಕ್ಕೆ 27. ಆದ್ರೆ ಅದೇ ಪಟ್ಟೀಲಿ ಒಂದು ಸಾಲು ಮೇಲಕ್ಕೆ ಹೋಗಿ ನೋಡಿ, ಆರ್ಸೆನಲ್‌ಗೆ ಬರೋ ಮುಂಚೆ ಪ್ರೆಸ್ಟನ್ ನಾರ್ತ್ ಎಂಡ್ ಟೀಮಲ್ಲಿ ನಾಲ್ಕು ಸೀಸನ್‌ಗೆ ಲೀಗ್ ಗೋಲೇ 50 ದಾಟಿದೆ. ಅಂದ್ರೆ ಗೋಲು ಹೊಡೆಯೋಕೆ ಬರದೇ ಇದ್ದವನಲ್ಲ, ಚೆನ್ನಾಗೇ ಬರ್ತಿತ್ತು. ಲಂಡನ್‌ಗೆ ಬಂದಾಗ 27 ವರ್ಷ, ಕಾಲು ಮನಸ್ಸು ಎರಡೂ ಗಟ್ಟಿ ಇರೋ ವಯಸ್ಸು, ಆಗ ಮ್ಯಾನೇಜರ್ ಬಂದು ಇನ್ಮೇಲೆ ನೀನು ಗೋಲು ಹೊಡೆಯೋದು ಬಿಡು, ಹೊಡೆಯೋರಿಗೆ ಬಾಲ್ ಕೊಡು ಅಂದಾಗ ಒಬ್ಬ ಫಾರ್ವರ್ಡ್‌ಗೆ ಹೆಂಗಾಗಿರಬೇಕು ಯೋಚಿಸಿ. ನನಗೆ ಜೇಮ್ಸ್ ಬಗ್ಗೆ ಗೌರವ ಶುರುವಾಗೋದೇ ಅಲ್ಲಿಂದ.

ಇದು ಅರ್ಥ ಆಗ್ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 1925ರವರೆಗೆ ಆಫ್‌ಸೈಡ್ ರೂಲ್ ಬೇರೆ ಥರ ಇತ್ತು, ಮುಂದೆ ಇರೋ ಆಟಗಾರನಿಗೆ ಬಾಲ್ ಕೊಡೋವಾಗ ಅವನಿಗೂ ಗೋಲ್ ಲೈನ್‌ಗೂ ಮಧ್ಯ ಗೋಲ್‌ಕೀಪರ್ ಸೇರಿ ಎದುರಾಳಿಗಳು ಮೂರು ಜನ ಇರಬೇಕಿತ್ತು, ಇಲ್ಲಾಂದ್ರೆ ಆಫ್‌ಸೈಡ್ ಅಂತ ಆಟ ನಿಲ್ಲಿಸ್ತಿದ್ರು. ಇದರಿಂದ ಏನಾಯ್ತು ಅಂದ್ರೆ ಒಬ್ಬ ಬ್ಯಾಕ್, ಅಂದ್ರೆ ಹಿಂದೆ ನಿಂತು ತಡೆಯೋ ಡಿಫೆಂಡರ್, ನಾಲ್ಕು ಹೆಜ್ಜೆ ಮುಂದೆ ಬಂದು ನಿಂತ್ರೆ ಸಾಕು, ಎದುರು ಟೀಮಿನ ಫಾರ್ವರ್ಡ್‌ಗಳೆಲ್ಲಾ ಆಫ್‌ಸೈಡ್. ಆಟ ಪೂರ್ತಿ ಮೈದಾನದ ಮಧ್ಯದಲ್ಲಿ ಇಕ್ಕಟ್ಟಲ್ಲೇ ಮುಗಿದುಹೋಗ್ತಿತ್ತು, ಜನಕ್ಕೂ ಬೇಜಾರು. 1925ರ ಬೇಸಿಗೇಲಿ ಮೂರನ್ನ ಎರಡು ಮಾಡಿದ್ರು. ಒಂದೇ ಒಂದು ಸಂಖ್ಯೆ ಬದಲಾಗಿದ್ದು, ಇಂಗ್ಲೆಂಡ್ ಲೀಗಿನ ಎಲ್ಲಾ ಡಿವಿಷನ್ ಸೇರಿ ಹಿಂದಿನ ಸೀಸನ್‌ನ 4,700 ಗೋಲು ಇದ್ದಿದ್ದು ಮುಂದಿನ ಸೀಸನ್‌ಗೆ 6,373 ಆಯ್ತು. ಡಿಫೆಂಡರ್‌ಗಳಿಗೆ ಎಲ್ಲಿ ನಿಲ್ಲಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ.

ಅದೇ 1925ರಲ್ಲಿ ಹರ್ಬರ್ಟ್ ಚಾಪ್‌ಮನ್ ಅನ್ನೋ ಮ್ಯಾನೇಜರ್ ಹಡರ್ಸ್‌ಫೀಲ್ಡ್ ಟೌನ್‌ಗೆ ಎರಡು ಸಲ ಲೀಗ್ ಗೆಲ್ಲಿಸಿಕೊಟ್ಟು ಆರ್ಸೆನಲ್‌ಗೆ ಬಂದಿದ್ದ. ಅಕ್ಟೋಬರ್‌ನಲ್ಲಿ ನ್ಯೂಕ್ಯಾಸಲ್‌ನಲ್ಲಿ ಆರ್ಸೆನಲ್ 7-0 ಸೋತುಹೋಯ್ತು. ಆಗ ಟೀಮಿನ ಹಿರಿಯ ಆಟಗಾರ ಚಾರ್ಲಿ ಬುಕನ್ ಹಟ ಹಿಡಿದ, ಸೆಂಟರ್ ಹಾಫ್‌ನ, ಅಂದ್ರೆ ಮೈದಾನದ ಮಧ್ಯದಲ್ಲಿ ಆಡೋನನ್ನ, ಹಿಂದಕ್ಕೆ ಎಳೆದು ಎರಡು ಬ್ಯಾಕ್‌ಗಳ ಮಧ್ಯ ನಿಲ್ಲಿಸಿ ಅಂತ. ಹಂಗೆ ಮಾಡಿದ್ರೆ ಮಧ್ಯದಲ್ಲಿ ಜಾಗ ಖಾಲಿ ಆಗುತ್ತಲ್ಲ, ಅದನ್ನ ತುಂಬೋಕೆ ಮುಂದಿನ ಐದು ಫಾರ್ವರ್ಡ್‌ಗಳಲ್ಲಿ ಇನ್‌ಸೈಡ್ ಫಾರ್ವರ್ಡ್ (ಮಧ್ಯದ ಫಾರ್ವರ್ಡ್ ಪಕ್ಕದಲ್ಲಿ ಆಡೋನು) ಒಬ್ಬ ಕೆಳಗೆ ಇಳೀಬೇಕು. ಮುಂದೆ ಇಬ್ಬರೂ ಇಳಿದ್ರು, ಇದೇ ಬೆಳೆದು ಡಬ್ಲ್ಯೂ-ಎಂ ಅನ್ನೋ ಫಾರ್ಮೇಶನ್ ಆಯ್ತು, ಮೇಲಿಂದ ನೋಡಿದ್ರೆ ಆಟಗಾರರು ನಿಂತಿರೋದು ಈ ಎರಡು ಇಂಗ್ಲಿಷ್ ಅಕ್ಷರದ ಹಂಗೆ ಕಾಣುತ್ತೆ. ಹೇಳೋಕೆ ಸುಲಭ. ಆದ್ರೆ ಆ ಇಳಿದು ಬರೋ ಆಟಗಾರ ಹೆಂಗಿರಬೇಕು ಅಂದ್ರೆ, ಹಿಂದಿಂದ ಬಂದ ಬಾಲ್‌ನ ಒಂದೇ ಟಚ್‌ನಲ್ಲಿ ಹಿಡೀಬೇಕು, ಮೈಮೇಲೆ ಇಬ್ಬರು ಬಿದ್ರೂ ಕಳಕೋಬಾರದು, ತಲೆ ಎತ್ತಿ ನೋಡಿ 40 ಗಜ ದೂರ ಗೆರೆ ಪಕ್ಕ ಓಡ್ತಿರೋ ವಿಂಗರ್‌ನ ಕಾಲಿಗೆ ಹಾಕ್ಬೇಕು, ಅದೂ ಆ ಕಾಲದ ದಪ್ಪ ಚರ್ಮದ ಬಾಲು, ಮಳೇಲಿ ನೆಂದು ಕಲ್ಲಾಗಿರೋ ಬಾಲು. ಅಂಥವನು ಸಿಗೋಕೆ ಚಾಪ್‌ಮನ್‌ಗೆ ನಾಲ್ಕು ವರ್ಷ ಹಿಡೀತು. ಸಿಕ್ಕಿದವನೇ ಜೇಮ್ಸ್.

ಈಗ ಗೋಲಿನ ಲೆಕ್ಕಕ್ಕೆ ಬನ್ನಿ. 1930-31ರಲ್ಲಿ ಆರ್ಸೆನಲ್ ಮೊದಲ ಸಲ ಲೀಗ್ ಗೆದ್ದಾಗ 42 ಮ್ಯಾಚಲ್ಲಿ ಹೊಡೆದಿದ್ದು 127 ಗೋಲು, ಅದರಲ್ಲಿ ಜ್ಯಾಕ್ ಲ್ಯಾಂಬರ್ಟ್ ಒಬ್ಬನದ್ದೇ 38. 1932-33ರಲ್ಲಿ ಕ್ಲಿಫ್ ಬ್ಯಾಸ್ಟಿನ್ 33 ಗೋಲು ಹೊಡೆದ, ಅವನು ಸೆಂಟರ್ ಫಾರ್ವರ್ಡ್ ಕೂಡ ಅಲ್ಲ, ಎಡಗಡೆ ಗೆರೆ ಪಕ್ಕ ಓಡೋ ವಿಂಗರ್! 1934-35ರಲ್ಲಿ ಟೆಡ್ ಡ್ರೇಕ್ 42. ಹೊಡೆದವರು ಬದಲಾಗ್ತಾ ಹೋದ್ರು, ಟೀಮ್ ಹೊಡೀತಾನೇ ಇತ್ತು, ಬಾಲ್ ಬರ್ತಿದ್ದ ಕಾಲು ಮಾತ್ರ ಅದೇ. ಗೋಲಿಗೆ ಪಾಸ್ ಕೊಟ್ಟವರ ಲೆಕ್ಕ ಆಗ ಯಾರೂ ಬರೆದಿಡ್ತಿರಲಿಲ್ಲ. ಬರೆದಿಟ್ಟಿದ್ರೆ ನಿಮ್ಮ ಪ್ರಶ್ನೆ ಬೇರೆ ಥರ ಇರ್ತಿತ್ತು.

ಇನ್ನೊಂದು ವಿಷಯ. ಗೋಲು ಹೊಡೆಯೋದು ಮರ್ತೇಬಿಟ್ಟಿದ್ದಾನೆ ಅಂತ ಅವನ ಕಾಲದಲ್ಲೂ ಮಾತಾಡ್ತಿದ್ರು, 1935ರ ಫೆಬ್ರವರೀಲಿ ಶೆಫೀಲ್ಡ್ ವೆಡ್ನೆಸ್‌ಡೇ ಟೀಮ್ ಮೇಲೆ ಒಂದೇ ಮ್ಯಾಚಲ್ಲಿ ಮೂರು ಗೋಲು ಹಾಕಿ, ಮತ್ತೆ ತನ್ನ ಕೆಲಸಕ್ಕೆ ವಾಪಸ್ ಹೋದ.

ಪ್ರಶ್ನೆ: ಜೇಮ್ಸ್ ಎಲ್ಲಿಯವನು, ಶುರು ಎಲ್ಲಿ? ಬಡವರ ಮನೆಯವನಾ?

ಉತ್ತರ: ಗ್ಲಾಸ್ಗೋ ಸಿಟಿಯ ಆಗ್ನೇಯಕ್ಕೆ ಲ್ಯಾನಾರ್ಕ್‌ಶೈರ್ ಅಂತ ಜಿಲ್ಲೆ, ಅಲ್ಲಿ ಮಾಸೆಂಡ್ ಅನ್ನೋ ಊರು, ಪಕ್ಕದಲ್ಲೇ ಬೆಲ್ಸ್‌ಹಿಲ್. ಕಲ್ಲಿದ್ದಲ ಗಣಿ, ಉಕ್ಕಿನ ಫ್ಯಾಕ್ಟರಿ, ಹೊಗೆ, ಸಾಲು ಸಾಲು ಕೂಲಿ ಮನೆಗಳು. 1901ರ ಸೆಪ್ಟೆಂಬರ್ 14ಕ್ಕೆ ಅಲ್ಲಿ ಹುಟ್ಟಿದ. ಸ್ಕೂಲ್ ಮುಗಿಸಿದ್ಮೇಲೆ ಉಕ್ಕಿನ ಫ್ಯಾಕ್ಟರೀಲಿ ಕೆಲಸ, ಬಿಡುವಲ್ಲಿ ಫುಟ್‌ಬಾಲ್. ಇದೇ ಬೆಲ್ಸ್‌ಹಿಲ್‌ನಿಂದ ಬಂದವನು ಆ ಕಾಲದ ಇನ್ನೊಬ್ಬ ದೊಡ್ಡ ಫಾರ್ವರ್ಡ್ ಹ್ಯೂಯಿ ಗ್ಯಾಲಕರ್, ಇಬ್ಬರೂ ಒಂದೇ ಸ್ಕೂಲಲ್ಲಿ ಓದಿದ ಗೆಳೆಯರು. ಇಬ್ಬರೂ ಕುಳ್ಳರು, ಐದೂವರೆ ಅಡಿ ಆಸುಪಾಸು. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಆಗಿ ದೊಡ್ಡ ಟೀಮ್ ಕಟ್ಟಿದ ಮ್ಯಾಟ್ ಬಸ್ಬಿ ಹುಟ್ಟಿದ್ದೂ ಬೆಲ್ಸ್‌ಹಿಲ್ ಪಕ್ಕದ ಆರ್ಬಿಸ್ಟನ್‌ನಲ್ಲಿ, 1909ರಲ್ಲಿ. ನಡ್ಕೊಂಡು ಓಡಾಡೋ ದೂರದೊಳಗೆ ಇಂಥ ಮೂರು ಜನ! ನನಗೆ ಇದು ಬರೀ ಕಾಕತಾಳೀಯ ಅನ್ಸಲ್ಲ. ಗಣಿ ಕೆಲಸದಿಂದ ತಪ್ಪಿಸ್ಕೊಳ್ಳೋಕೆ ಹುಡುಗರಿಗೆ ಕಾಣ್ತಿದ್ದ ಬಾಗಿಲು ಅದೊಂದೇ, ಅದಕ್ಕೇ ಬೀದೀಲಿ ಕತ್ತಲಾಗೋ ತನಕ ಬಾಲ್ ಒದೀತಿದ್ರು. ಇಕ್ಕಟ್ಟಾದ ಬೀದೀಲಿ ಆಡಿ ಬೆಳೆದವನಿಗೆ ಮೈದಾನದ ಇಕ್ಕಟ್ಟು ಯಾವ ಲೆಕ್ಕ.

ಗ್ಲಾಸ್ಗೋದ ಆ್ಯಶ್‌ಫೀಲ್ಡ್ ಅನ್ನೋ ಜೂನಿಯರ್ ಟೀಮಲ್ಲಿ ಆಡ್ತಿದ್ದವನ್ನ 1922ರಲ್ಲಿ ರೇತ್ ರೋವರ್ಸ್ ಕ್ಲಬ್ ಕರ್ಕೊಳ್ತು. ಕರ್ಕಾಡಿ ಊರಿನ ಕ್ಲಬ್ ಅದು, ದೊಡ್ಡ ಕ್ಲಬ್ ಏನಲ್ಲ, ಆದ್ರೆ ಆಗ ಒಳ್ಳೇ ಟೀಮ್ ಇತ್ತು. 1923ರ ಬೇಸಿಗೇಲಿ ಈ ಟೀಮ್ ಕೆನರಿ ದ್ವೀಪಗಳಿಗೆ ಟೂರ್ ಹೊರಟು, ಸ್ಪೇನ್‌ನ ಗಲೀಸಿಯಾ ಕರಾವಳಿ ಹತ್ರ ಅವರ ಹಡಗು ಬಂಡೆಗೆ ಸಿಕ್ಕಿಕೊಂಡಿತು. ಆಟಗಾರರೆಲ್ಲಾ ಲೈಫ್‌ಬೋಟ್ ಹತ್ತಿ ಪಾರಾದ್ರು, ಆ ಟೀಮಲ್ಲಿ ಜೇಮ್ಸ್ ಕೂಡ ಇದ್ದ. ಆಮೇಲೆ ಹೋಗಿ ಟೂರ್ ಮ್ಯಾಚುಗಳನ್ನೂ ಆಡಿದ್ರು, ಅಂಥಾ ಜನ.

1925ರ ಸೆಪ್ಟೆಂಬರ್‌ನಲ್ಲಿ ಸುಮಾರು 3,000 ಪೌಂಡ್‌ಗೆ ಇಂಗ್ಲೆಂಡಿನ ಪ್ರೆಸ್ಟನ್‌ಗೆ ಹೋದ. ಪ್ರೆಸ್ಟನ್ ಆಗ ತಾನೇ ಸೆಕೆಂಡ್ ಡಿವಿಷನ್‌ಗೆ, ಅಂದ್ರೆ ಲೀಗಿನ ಎರಡನೇ ಮಟ್ಟಕ್ಕೆ, ಇಳಿದಿತ್ತು, ಇವನಿದ್ದ ನಾಲ್ಕು ವರ್ಷದಲ್ಲೂ ಮೇಲೆ ಹತ್ತಲಿಲ್ಲ. ಇದನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ, ಕೆಳಗಿನ ಉತ್ತರದಲ್ಲಿ ಬೇಕಾಗುತ್ತೆ.

ಪ್ರಶ್ನೆ: ವೆಂಬ್ಲಿ ವಿಝರ್ಡ್ಸ್ ಅಂತ ಕೇಳಿದೀನಿ. ಏನದು? ಜೇಮ್ಸ್ ಅದರಲ್ಲಿ ಇದ್ನಾ?

ಉತ್ತರ: ಇದ್ದ, ಎರಡು ಗೋಲೂ ಹೊಡೆದ. 1928ರ ಮಾರ್ಚ್ 31, ಶನಿವಾರ, ಲಂಡನ್‌ನ ವೆಂಬ್ಲಿ ಸ್ಟೇಡಿಯಂ, ಇಂಗ್ಲೆಂಡ್ ಎದುರು ಸ್ಕಾಟ್ಲೆಂಡ್. ಆ ಸೀಸನ್‌ನಲ್ಲಿ ಎರಡೂ ಟೀಮಿನ ಕಥೆ ಚೆನ್ನಾಗಿರಲಿಲ್ಲ, ಇಂಗ್ಲೆಂಡ್ ವೇಲ್ಸ್ ಕೈಲೂ ಐರ್ಲೆಂಡ್ ಕೈಲೂ ಸೋತಿತ್ತು, ಸ್ಕಾಟ್ಲೆಂಡ್ ಒಂದು ಡ್ರಾ ಒಂದು ಸೋಲು, ಅಂದ್ರೆ ನಾಲ್ಕು ದೇಶಗಳ ಟೂರ್ನಿಯಲ್ಲಿ ಕೊನೇ ಸ್ಥಾನ ಯಾರಿಗೆ ಅಂತ ತೀರ್ಮಾನ ಆಗೋ ಮ್ಯಾಚ್ ಅದು. ಸ್ಕಾಟ್ಲೆಂಡ್ ಟೀಮ್ ಅನೌನ್ಸ್ ಆದಾಗ ಅವರ ದೇಶದಲ್ಲೇ ಜನಕ್ಕೆ ಸಿಟ್ಟು. ಯಾಕಂದ್ರೆ 11 ಜನರಲ್ಲಿ 8 ಜನ ಇಂಗ್ಲೆಂಡ್ ಲೀಗಿನ ಕ್ಲಬ್‌ಗಳಲ್ಲಿ ದುಡಿಯೋರು, ಅಲ್ಲಿನ ಜನ ಇವರನ್ನ ಆಂಗ್ಲೋ ಅಂತ ಕರೀತಿದ್ರು, ಆ ಮಾತಲ್ಲಿ ಪ್ರೀತಿ ಇರ್ತಿರಲಿಲ್ಲ. ಮೇಲಾಗಿ ಫಾರ್ವರ್ಡ್‌ಗಳೆಲ್ಲಾ ಕುಳ್ಳರು, ಐವರಲ್ಲಿ ಎಲ್ಲರಿಗಿಂತ ಉದ್ದ ಅಂದ್ರೆ ಅಲೆಕ್ಸ್ ಜ್ಯಾಕ್ಸನ್, ಅವನೇ 5 ಅಡಿ 7 ಇಂಚು. ಗ್ಯಾಲಕರ್‌ಗೆ ಎರಡು ತಿಂಗಳ ಸಸ್ಪೆನ್ಷನ್ ಆಗಿತ್ತು, ಜೇಮ್ಸ್ ಸೆಕೆಂಡ್ ಡಿವಿಷನ್ ಆಟಗಾರ, ಅವನಿಗೆ ಇದು ಎರಡನೇ ಇಂಟರ್‌ನ್ಯಾಷನಲ್. ಇವರನ್ನ ಕಳ್ಸಿ ಏನು ಉಪಯೋಗ ಅಂತ ಪೇಪರ್‌ನೋರೆಲ್ಲಾ ಬರೆದ್ರು.

ಹಿಂದಿನ ರಾತ್ರಿ ಕ್ಯಾಪ್ಟನ್ ಜಿಮ್ಮಿ ಮೆಕ್‌ಮುಲ್ಲನ್ ಟೀಮಿಗೆ ಭಾಷಣ ಮಾಡೋ ಬದಲು ಹೋಗಿ ಮಲಗಿ, ಮಳೆ ಬರ್ಲಿ ಅಂತ ಕೇಳ್ಕೊಳ್ಳಿ ಅಂದ ಅನ್ನೋದು ಸ್ಕಾಟ್ಲೆಂಡಲ್ಲಿ ಈಗ್ಲೂ ಹೇಳೋ ಕಥೆ. ನೆಲ ಒದ್ದೆಯಾದ್ರೆ ಭಾರಿ ಮೈಕಟ್ಟಿನ ಡಿಫೆಂಡರ್‌ಗಳು ತಿರುಗೋಕೆ ಒದ್ದಾಡ್ತಾರೆ, ಚಿಕ್ಕ ಮೈಯವರು ಸುಲಭವಾಗಿ ನುಸುಳ್ತಾರೆ. ಮಳೆ ಬಂತು. ಶುರುವಲ್ಲೇ ಇಂಗ್ಲೆಂಡ್ ಹೊಡೆದ ಬಾಲ್ ಪೋಸ್ಟ್‌ಗೆ ತಗುಲಿ ವಾಪಸ್ ಬಂತು, ಅದಾಗಿ ಮೂರನೇ ನಿಮಿಷಕ್ಕೆಲ್ಲಾ ಎಡಗಡೆಯಿಂದ ಅಲನ್ ಮಾರ್ಟನ್ ಹಾಕಿದ ಕ್ರಾಸ್‌ಗೆ ಜ್ಯಾಕ್ಸನ್ ತಲೆ ಕೊಟ್ಟು ಗೋಲು. ಹಾಫ್ ಟೈಮ್‌ಗೆ ಒಂದು ನಿಮಿಷ ಇರೋವಾಗ ಜೇಮ್ಸ್ ಎರಡನೇದು. ಆಮೇಲೆ ಜ್ಯಾಕ್ಸನ್, ಮತ್ತೆ ಜೇಮ್ಸ್, ಮತ್ತೆ ಜ್ಯಾಕ್ಸನ್. ಇಂಗ್ಲೆಂಡ್‌ಗೆ ಕೊನೇಲಿ ಒಂದು ಫ್ರೀ ಕಿಕ್ಕಲ್ಲಿ ಸಮಾಧಾನಕ್ಕೆ ಒಂದು ಗೋಲು ಸಿಕ್ತು. 5-1. ಎಂಬತ್ತು ಸಾವಿರ ಚಿಲ್ಲರೆ ಜನ ನೋಡಿದ್ರು. ಪಾಸ್ ಪಾಸ್ ಪಾಸ್ ಅಂತ ಇಂಗ್ಲೆಂಡ್ ಆಟಗಾರರ ಕಾಲಿಗೇ ಬಾಲ್ ತಾಗದ ಹಂಗೆ ಆಡಿದ್ರು. ಆ ಟೀಮಿಗೇ ವೆಂಬ್ಲಿ ವಿಝರ್ಡ್ಸ್, ಅಂದ್ರೆ ವೆಂಬ್ಲಿಯ ಮಾಂತ್ರಿಕರು, ಅಂತ ಹೆಸರು ಬಂತು.

ನನಗೆ ಹೊಟ್ಟೆ ಚುರ್ ಅನ್ನೋದು ಏನಂದ್ರೆ, ಆ ಹನ್ನೊಂದು ಜನ ಮತ್ತೆ ಯಾವತ್ತೂ ಒಂದೇ ಟೀಮಾಗಿ ಆಡಲಿಲ್ಲ. ಅದೇ ಮೊದಲು, ಅದೇ ಕೊನೆ.

ಪ್ರಶ್ನೆ: ಆ ಕಾಲದಲ್ಲಿ ಇಂಥ ಸ್ಟಾರ್‌ಗೆ ಎಷ್ಟು ಸಂಬಳ? ಟ್ರಾನ್ಸ್‌ಫರ್ ದುಡ್ಡಲ್ಲಿ ಅವನಿಗೂ ಪಾಲು ಬರ್ತಿತ್ತಾ?

ಉತ್ತರ: ಸಂಬಳಕ್ಕೆ ಮಿತಿ ಇತ್ತು, ಸೀಸನ್ ಇರೋವಾಗ ವಾರಕ್ಕೆ 8 ಪೌಂಡ್, ಬೇಸಿಗೇಲಿ 6 ಪೌಂಡ್. 1922ರಿಂದ ಇದೇ ರೇಟು, ಎಷ್ಟೇ ದೊಡ್ಡ ಆಟಗಾರ ಆದ್ರೂ ಇದರ ಮೇಲೆ ಕೊಡೋ ಹಂಗಿಲ್ಲ, ಗೆದ್ರೆ 2 ಪೌಂಡ್ ಬೋನಸ್, ಡ್ರಾ ಆದ್ರೆ 1 ಪೌಂಡ್ ಅಷ್ಟೇ. ವರ್ಷಕ್ಕೆ ಸಂಬಳ ಅಂತ ಲೆಕ್ಕ ಹಾಕಿದ್ರೆ 400 ಪೌಂಡ್ ಒಳಗೇ ಬರುತ್ತೆ. 1929ರ ಜೂನ್‌ನಲ್ಲಿ ಆರ್ಸೆನಲ್ ಪ್ರೆಸ್ಟನ್‌ಗೆ 8,750 ಪೌಂಡ್ ಕೊಟ್ಟು ಜೇಮ್ಸ್‌ನ ತಗೊಂಡಿತು, ಆ ದುಡ್ಡು ಪೂರ್ತಿ ಒಂದು ಕ್ಲಬ್ಬಿಂದ ಇನ್ನೊಂದು ಕ್ಲಬ್ಬಿಗೆ. ಯಾರ ಕಾಲಿಗೆ ಆ ಬೆಲೆಯೋ ಅವನು ಮಾತ್ರ ಅದೇ 8 ಪೌಂಡ್‌ನವನು. ಸಂತೇಲಿ ಎತ್ತು ಮಾರಿದ ಹಂಗೆ, ನನಗಂತೂ ಈ ಪದ್ಧತಿ ಓದಿದಾಗೆಲ್ಲಾ ಕೋಪ ಬರುತ್ತೆ.

ಜೇಮ್ಸ್‌ಗೂ ಕೋಪ ಇತ್ತು, ಅದನ್ನ ಮುಚ್ಚಿಟ್ಕೊಂಡವನೂ ಅಲ್ಲ. ಪ್ರೆಸ್ಟನ್ ಬಿಟ್ಟಿದ್ದಕ್ಕೆ ಒಂದು ಕಾರಣ ದುಡ್ಡು, ಇನ್ನೊಂದು ಸ್ಕಾಟ್ಲೆಂಡ್ ಮ್ಯಾಚ್‌ಗೆ ಕಳ್ಸೋಕೆ ಆ ಕ್ಲಬ್ ತಕರಾರು ಮಾಡ್ತಿದ್ದಿದ್ದು. ಆರ್ಸೆನಲ್‌ಗೆ ಬಂದಾಗ ಒಂದು ದಾರಿ ಸಿಕ್ತು. ಲಂಡನ್‌ನ ಸೆಲ್ಫ್‌ರಿಜಸ್ ಅನ್ನೋ ದೊಡ್ಡ ಅಂಗಡೀಲಿ ಸ್ಪೋರ್ಟ್ಸ್ ಡೆಮಾನ್‌ಸ್ಟ್ರೇಟರ್ ಕೆಲಸ, ವರ್ಷಕ್ಕೆ 250 ಪೌಂಡ್. ಮಧ್ಯಾಹ್ನದ ಹೊತ್ತು ಅಂಗಡೀಲಿ ನಿಂತು ಬಂದವರಿಗೆ ಬೂಟು ಬಾಲು ತೋರಿಸೋದು, ಅಷ್ಟೇ. ಜೇಮ್ಸ್‌ನ ನೋಡೋಕೇ ಹುಡುಗರು ಅಪ್ಪಂದಿರನ್ನ ಎಳ್ಕೊಂಡು ಬರ್ತಾರೆ ಅಂತ ಅಂಗಡಿಯವರಿಗೆ ಗೊತ್ತಿಲ್ವಾ. ಇದು ಸಂಬಳದ ಮಿತಿ ತಪ್ಪಿಸೋ ಉಪಾಯ ಅಂತ ಗುಮಾನಿ ಬಂದು ಲೀಗ್ ವಿಚಾರಣೆ ಮಾಡಿತು, ತಪ್ಪೇನೂ ಸಿಗಲಿಲ್ಲ, ಕೆಲಸ ಮುಂದುವರೀತು.

1931ರ ಬೇಸಿಗೇಲಿ, ಅದೂ ಲೀಗ್ ಗೆದ್ದ ಬೆನ್ನಲ್ಲೇ, ಹೊಸ ಕಾಂಟ್ರ್ಯಾಕ್ಟ್‌ಗೆ ಸೈನ್ ಮಾಡಲ್ಲ ಅಂತ ಕೂತ. ಚಾಪ್‌ಮನ್ ಅವನನ್ನ ಹಡಗಲ್ಲಿ ಟ್ರಿಪ್ ಹೋಗಿ ಬಾ ಅಂತ ಪುಸಲಾಯಿಸಿ ಕಳ್ಸಿದ, ಹೋಗಿ ನೋಡಿದ್ರೆ ಅದು ಸರಕು ಹಡಗು ಅಂತ ಒಂದು ಕಥೆ ಹೇಳ್ತಾರೆ. ಏನೇ ಇರಲಿ, ಕೊನೆಗೆ ಸೈನ್ ಮಾಡಿದ. ಅವನು ಕೇಳಿದ್ದರಲ್ಲಿ ತಪ್ಪೇನಿತ್ತು ಅಂತ ನನಗೆ ಇವತ್ತಿಗೂ ಗೊತ್ತಾಗಲ್ಲ. ಆ ಮಿತಿ ಹೋಗಿದ್ದು 1961ರಲ್ಲಿ, ಅಷ್ಟೊತ್ತಿಗೆ ಜೇಮ್ಸ್ ಇರಲಿಲ್ಲ.

ಪ್ರಶ್ನೆ: ಅವನ ಆಟದಲ್ಲಿ ನಿಮಗೆ ತುಂಬಾ ಇಷ್ಟವಾದ ಒಂದು ಘಟನೆ ಹೇಳಿ.

ಉತ್ತರ: ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ 1930ರ ಫೈನಲ್, ಏಪ್ರಿಲ್ 26, ವೆಂಬ್ಲಿ. ಎದುರು ಹಡರ್ಸ್‌ಫೀಲ್ಡ್, ಚಾಪ್‌ಮನ್ ಬಿಟ್ಟುಬಂದ ಹಳೇ ಟೀಮ್. ಆರ್ಸೆನಲ್ ಅಲ್ಲೀವರೆಗೆ ಒಂದೇ ಒಂದು ದೊಡ್ಡ ಕಪ್ ಗೆದ್ದಿರಲಿಲ್ಲ ಅಂದ್ರೆ ಈಗಿನವರು ನಂಬಲ್ಲ. ಜೇಮ್ಸ್‌ಗೂ ಮೊದಲ ಸೀಸನ್ ಕಷ್ಟದ್ದೇ, ಹೊಸ ಪಾತ್ರ ಒಗ್ಗಿರಲಿಲ್ಲ, ಇಷ್ಟು ದುಡ್ಡು ಸುರಿದು ತಂದಿದ್ದು ಇವನನ್ನಾ ಅಂತ ಜನ ಆಡ್ಕೊಳ್ತಿದ್ರು.

ಅವತ್ತು ಬೆಳಗ್ಗೆ ಸ್ಟೇಡಿಯಂಗೆ ಹೋಗೋ ಬಸ್ಸಲ್ಲಿ ಜೇಮ್ಸ್ ಪಕ್ಕ ಬ್ಯಾಸ್ಟಿನ್. ಬ್ಯಾಸ್ಟಿನ್‌ಗೆ ಆಗ ಬರೀ 18 ವರ್ಷ. ಜೇಮ್ಸ್ ಹೇಳಿದ, ಅವರ ಗೋಲಿನ ಮುಂದಿನ ಏರಿಯಾ ಹತ್ರ ಫ್ರೀ ಕಿಕ್ ಸಿಕ್ರೆ ನಾನು ಯಾರಿಗೂ ಕಾಯಲ್ಲ, ತಟ್ಟಂತ ನಿನಗೆ ಹಾಕ್ತೀನಿ, ನೀನು ಬ್ಯಾಕ್‌ನ ನಿನ್ನ ಕಡೆ ಎಳ್ಕೊಂಡು ನನಗೆ ವಾಪಸ್ ಕೊಡು ಅಂತ. ಮ್ಯಾಚ್ ಶುರುವಾಗಿ 16ನೇ ನಿಮಿಷ, ಜೇಮ್ಸ್‌ನೇ ಬೀಳಿಸಿದ್ರು, ಫ್ರೀ ಕಿಕ್. ಹಡರ್ಸ್‌ಫೀಲ್ಡ್‌ನವರು ಇನ್ನೂ ತಿರುಗಿ ತಮ್ಮ ಜಾಗಕ್ಕೆ ನಡ್ಕೊಂಡು ಹೋಗ್ತಿದ್ರು. ಜೇಮ್ಸ್ ಕೂತಲ್ಲಿಂದ ಎದ್ದವನೇ ರೆಫ್ರಿ ಮುಖ ನೋಡ್ದ, ರೆಫ್ರಿ ಹೂಂ ಅನ್ನೋ ಹಂಗೆ ಕೈ ಮಾಡಿದ, ಬಾಲ್ ಆಗ್ಲೇ ಬ್ಯಾಸ್ಟಿನ್ ಕಾಲಲ್ಲಿ. ಹುಡುಗ ಬಸ್ಸಲ್ಲಿ ಹೇಳಿಕೊಟ್ಟಿದ್ದನ್ನ ಅಕ್ಷರ ಬಿಡದ ಹಂಗೆ ಮಾಡಿದ, ಬ್ಯಾಕ್ ಅವನ ಕಡೆ ಓಡಿದ, ಬಾಲ್ ಒಳಗೆ ವಾಪಸ್ ಬಂತು, ಜೇಮ್ಸ್ ಅದನ್ನ ನಿಲ್ಲಿಸ್ದೇ ಹೊಡೆದ. ಗೋಲು. ಹಡರ್ಸ್‌ಫೀಲ್ಡ್‌ನವರು ತಕರಾರು ತೆಗೆದ್ರು, ರೂಲ್ ಪ್ರಕಾರ ತಪ್ಪೇನಿರಲಿಲ್ಲ. ಆಟದ ಕೊನೇಲಿ ಲ್ಯಾಂಬರ್ಟ್ ಎರಡನೇ ಗೋಲು ಹೊಡೆದ, ಅದಕ್ಕೂ ಬಾಲ್ ಹೋಗಿದ್ದು ಜೇಮ್ಸ್ ಕಾಲಿಂದಾನೇ, ಉದ್ದ ಪಾಸು.

ಆ ಮ್ಯಾಚ್ ನಡೀವಾಗ ಜರ್ಮನಿಯ ಗ್ರಾಫ್ ಝೆಪೆಲಿನ್ ಅನ್ನೋ ದೈತ್ಯ ಏರ್‌ಶಿಪ್ ಸ್ಟೇಡಿಯಂ ಮೇಲೆ ತೇಲ್ಕೊಂಡು ಹೋಯ್ತು, ಜನ ಎಲ್ಲಾ ತಲೆ ಎತ್ತಿ ಅದನ್ನ ನೋಡ್ತಿದ್ರಂತೆ. ನಾನು ಅಲ್ಲಿದ್ದಿದ್ರೆ ಕೆಳಗೇ ನೋಡ್ತಿದ್ದೆ.

ಪ್ರಶ್ನೆ: ಹಳೇ ಫೋಟೋಗಳಲ್ಲಿ ಅವನ ಚಡ್ಡಿ ಅಷ್ಟು ದೊಡ್ಡದು ಯಾಕೆ?

ಉತ್ತರ: ಟಾಮ್ ವೆಬ್‌ಸ್ಟರ್ ಅನ್ನೋ ಪೇಪರ್ ಕಾರ್ಟೂನಿಸ್ಟ್ ಒಂದ್ಸಲ ಅವನನ್ನ ಮಂಡಿ ಮುಚ್ಚೋ ಚಡ್ಡೀಲಿ ಬರೆದ, ಜೇಮ್ಸ್‌ಗೆ ಅದು ಎಷ್ಟು ಹಿಡಿಸ್ತು ಅಂದ್ರೆ ಆಮೇಲೆ ನಿಜವಾಗ್ಲೂ ಅಂಥದ್ದೇ ಹಾಕ್ಕೊಂಡ. ಶರ್ಟಿನ ತೋಳು ಮಣಿಕಟ್ಟಿನ ತನಕ, ಚಡ್ಡಿ ಮಂಡಿ ಮೇಲೆ ಪಟಪಟ ಅಂತ. ಅದರಿಂದ ಒಂದು ಉಪಯೋಗಾನೂ ಇತ್ತು ಅಂತ ನನಗನ್ಸುತ್ತೆ, ಅವನು ಬಾಲ್ ಮೇಲೆ ಕಾಲು ಆಡಿಸಿ ಸೊಂಟ ತಿರುಗಿಸಿ ಏಮಾರಿಸೋ ಆಟಗಾರ, ಅಷ್ಟು ಬಟ್ಟೆ ಹಾರಾಡ್ತಿದ್ರೆ ಎದುರಿನವನಿಗೆ ಕಾಲು ಯಾವ ಕಡೆ ಹೋಗ್ತಿದೆ ಅಂತ ಹೆಂಗೆ ತಿಳೀಬೇಕು. ಶರ್ಟ್ ಮೇಲೆ ನಂಬರ್ ಕೂಡ ಇಲ್ಲದ ಕಾಲ ಅದು. ಸ್ಟೇಡಿಯಂನ ಕೊನೇ ಸಾಲಿನವರಿಗೂ ಚಡ್ಡಿ ನೋಡಿದ್ರೆ ಸಾಕಿತ್ತು, ಇವನೇ ಜೇಮ್ಸ್ ಅಂತ ಗೊತ್ತಾಗ್ತಿತ್ತು.

ಪ್ರಶ್ನೆ: ಇಷ್ಟೆಲ್ಲಾ ಇದ್ದೂ ಸ್ಕಾಟ್ಲೆಂಡ್ ಪರ 8 ಮ್ಯಾಚ್ ಮಾತ್ರ ಯಾಕೆ? ವರ್ಲ್ಡ್ ಕಪ್ ಯಾಕೆ ಆಡಲಿಲ್ಲ?

ಉತ್ತರ: ವರ್ಲ್ಡ್ ಕಪ್ ವಿಷಯ ಬೇಗ ಮುಗಿಸ್ತೀನಿ. ಅಮೆಚೂರ್, ಅಂದ್ರೆ ಸಂಬಳ ಇಲ್ಲದೆ ಆಡೋ, ಆಟಗಾರರಿಗೆ ಕೆಲಸ ತಪ್ಪಿದ ದಿನದ ಪರಿಹಾರ ಕೊಡಬಹುದಾ ಬೇಡ್ವಾ ಅನ್ನೋ ಜಗಳದಲ್ಲಿ ಬ್ರಿಟನ್‌ನ ನಾಲ್ಕೂ ಅಸೋಸಿಯೇಷನ್ 1928ರಲ್ಲಿ ಫೀಫಾ ಬಿಟ್ಟು ಹೊರಗೆ ಬಂದ್ವು. ಹಂಗಾಗಿ 1930, 1934, 1938, ಮೂರೂ ವರ್ಲ್ಡ್ ಕಪ್‌ಗೆ ಅವರು ಇಲ್ಲ. ಒಂದು ತಲೆಮಾರಿನ ಆಟಗಾರರಿಗೆ ಇದರಿಂದ ಆದ ನಷ್ಟ ಸಣ್ಣದಲ್ಲ.

ಎಂಟೇ ಮ್ಯಾಚ್ ಅನ್ನೋದು ಬೇರೆ ಕಥೆ. ಇಂಟರ್‌ನ್ಯಾಷನಲ್ ಇದ್ದಿದ್ದೂ ಶನಿವಾರ, ಲೀಗ್ ಮ್ಯಾಚ್ ಇದ್ದಿದ್ದೂ ಶನಿವಾರ. ಇಂಗ್ಲೆಂಡಿನ ಕ್ಲಬ್ಬು ತನ್ನ ಸ್ಕಾಟ್ ಆಟಗಾರನನ್ನ ಸ್ಕಾಟ್ಲೆಂಡ್‌ಗೆ ಬಿಟ್ಟುಕೊಡಲೇಬೇಕು ಅನ್ನೋ ಕಟ್ಟುಪಾಡು ಇರಲಿಲ್ಲ, ಬಿಟ್ರೆ ಬಿಟ್ರು ಇಲ್ಲಾಂದ್ರೆ ಇಲ್ಲ. ಸಂಬಳ ಕೊಡೋರು ಅವರು, ಪಾಯಿಂಟ್ ಕಳಕೊಳ್ಳೋರೂ ಅವರು. ಆ ಕಡೆ ಸ್ಕಾಟ್ಲೆಂಡಲ್ಲೂ ಮನೆ ಆಟಗಾರರೇ ಇರಲಿ ಅನ್ನೋ ಮಾತು ಜೋರಾಗ್ತಿತ್ತು, ಮತ್ತೆ ಅದೇ ಜಾಗಕ್ಕೆ ಗ್ಲಾಸ್ಗೋದ ಕ್ಲಬ್ ರೇಂಜರ್ಸ್‌ನ ಬಾಬ್ ಮೆಕ್‌ಫೇಲ್ ಅಂಥ ಒಳ್ಳೇ ಆಟಗಾರನೂ ಇದ್ದ. 1925ರಲ್ಲಿ ವೇಲ್ಸ್ ಎದುರು ಮೊದಲನೇದು ಆಡಿದ ಜೇಮ್ಸ್‌ಗೆ ಎರಡನೇ ಮ್ಯಾಚ್ ಸಿಗೋಕೆ ವೆಂಬ್ಲಿ ತನಕ ಕಾಯಬೇಕಾಯ್ತು, ಅಂದ್ರೆ ಎರಡೂವರೆ ವರ್ಷ. ಊರಿನವರಿಗೆ ಲಂಡನ್‌ನವನು, ಲಂಡನ್‌ನವರಿಗೆ ಸ್ಕಾಟ್. ಇಂಗ್ಲೆಂಡ್ ಪೇಪರ್‌ಗಳು ಅವನನ್ನ ಕರೀತಿದ್ದಿದ್ದೂ ವೀ ಅಲೆಕ್ಸ್ ಅಂತ, ವೀ ಅಂದ್ರೆ ಸ್ಕಾಟ್ಸ್ ಮಾತಲ್ಲಿ ಪುಟ್ಟ.

ಪ್ರಶ್ನೆ: ಗ್ಯಾಲಕರ್ ದೊಡ್ಡವನಾ ಜೇಮ್ಸ್ ದೊಡ್ಡವನಾ? ಒಂದೇ ಮಾತಲ್ಲಿ ಹೇಳಿ.

ಉತ್ತರ: ಗೋಲ್ ಮುಂದೆ ನಿಲ್ಲಿಸೋಕೆ ಗ್ಯಾಲಕರ್. 1926-27ರಲ್ಲಿ ನ್ಯೂಕ್ಯಾಸಲ್ ಕ್ಯಾಪ್ಟನ್ ಆಗಿ 36 ಲೀಗ್ ಗೋಲು ಹೊಡೆದು ಲೀಗ್ ಗೆಲ್ಲಿಸಿದ, ಸ್ಕಾಟ್ಲೆಂಡ್‌ಗೆ 20 ಮ್ಯಾಚಲ್ಲಿ 20ಕ್ಕೂ ಜಾಸ್ತಿ ಗೋಲು. ಅವನಷ್ಟು ಚೂಪಾದ ಸೆಂಟರ್ ಫಾರ್ವರ್ಡ್‌ನ ಸ್ಕಾಟ್ಲೆಂಡ್ ಮತ್ತೆ ನೋಡಿಲ್ಲ ಅಂತ ನನ್ನ ನಂಬಿಕೆ. ಆದ್ರೆ ಒಂದು ಟೀಮ್‌ನ ಹತ್ತು ಜನರ ಆಟ ಬದಲಾಯಿಸೋಕೆ ಜೇಮ್ಸ್‌ನೇ ಬೇಕು. ಒಂದೇ ಮಾತಲ್ಲಿ ಹೇಳಿ ಅಂದ್ರಿ, ಹೇಳ್ತೀನಿ, ಜೇಮ್ಸ್. ಗ್ಯಾಲಕರ್ ಬದುಕು ಮುಂದೆ ತುಂಬಾ ನೋವಲ್ಲಿ ಮುಗೀತು, 1957ರಲ್ಲಿ ಗೇಟ್ಸ್‌ಹೆಡ್‌ನಲ್ಲಿ ತೀರಿಕೊಂಡ. ಅವನ ಬಗ್ಗೆ ಒಂದು ಪೂರ್ತಿ ಕಾಲಂ ಬರೀಬೇಕು, ಅವಸರದಲ್ಲಿ ಎರಡು ಸಾಲು ಬರೆದು ಮುಗಿಸೋ ಮನುಷ್ಯ ಅಲ್ಲ ಅವನು.

ಪ್ರಶ್ನೆ: ಒಟ್ಟು ಏನೇನು ಗೆದ್ದ, ಆಮೇಲೆ ಏನಾದ?

ಉತ್ತರ: ಲೀಗ್ ನಾಲ್ಕು ಸಲ, 1931, 1933, 1934, 1935. ಎಫ್‌ಎ ಕಪ್ ಎರಡು ಸಲ, 1930 ಮತ್ತೆ 1936. ಕಳಕೊಂಡಿದ್ದೂ ಹೇಳ್ಬೇಕಲ್ಲ, 1932ರ ಕಪ್ ಫೈನಲ್‌ಗೆ ಮುಂಚೆ ಮಂಡಿಗೆ ಪೆಟ್ಟಾಗಿ ಆಡೋಕಾಗಲಿಲ್ಲ, ಆರ್ಸೆನಲ್ ನ್ಯೂಕ್ಯಾಸಲ್‌ಗೆ 2-1 ಸೋತಿತು. ಆ ಮ್ಯಾಚಲ್ಲಿ ನ್ಯೂಕ್ಯಾಸಲ್‌ನ ಒಂದು ಗೋಲಿಗೆ ಮುಂಚೆ ಬಾಲ್ ಮೈದಾನದ ಗೆರೆ ದಾಟಿ ಹೊರಗೆ ಹೋಗಿತ್ತು ಅಂತ ಇವತ್ತಿಗೂ ವಾದ ಮಾಡ್ತಾರೆ, ನನ್ನ ಕೇಳಿದ್ರೆ ಜೇಮ್ಸ್ ಇಲ್ಲದೇ ಇದ್ದಿದ್ದು ಅದಕ್ಕಿಂತ ದೊಡ್ಡ ಕಾರಣ. 1934ರ ಜನವರೀಲಿ ಚಾಪ್‌ಮನ್ ನ್ಯುಮೋನಿಯಾ ಬಂದು ತೀರಿಕೊಂಡ, 55 ವರ್ಷ. ಟೀಮ್ ಕುಸೀಬೇಕಿತ್ತು, ಕುಸೀಲಿಲ್ಲ, ಆ ವರ್ಷಾನೂ ಗೆದ್ರು ಮುಂದಿನ ವರ್ಷಾನೂ ಗೆದ್ರು. 1936ರ ಫೈನಲ್‌ಗೆ ಜೇಮ್ಸ್‌ನೇ ಕ್ಯಾಪ್ಟನ್, ಶೆಫೀಲ್ಡ್ ಯುನೈಟೆಡ್ ಮೇಲೆ 1-0, ಗೋಲು ಡ್ರೇಕ್‌ದು. ಮಾರನೇ ವರ್ಷ ರಿಟೈರ್.

1939ರಲ್ಲಿ ಕೆಲವು ವಾರ ಪೋಲೆಂಡ್‌ಗೆ ಹೋಗಿ ಅಲ್ಲಿನ ಆಟಗಾರರಿಗೆ ಕೋಚಿಂಗ್ ಕೊಟ್ಟ. ಆಗಸ್ಟ್ 27ಕ್ಕೆ ವಾರ್ಸಾದಲ್ಲಿ ಪೋಲೆಂಡ್ ಹಂಗೇರಿಯನ್ನ 4-2 ಸೋಲಿಸಿತು, ಹಂಗೇರಿ ಅಂದ್ರೆ ಹಿಂದಿನ ವರ್ಷದ ವರ್ಲ್ಡ್ ಕಪ್ ರನ್ನರ್ ಅಪ್. ಐದು ದಿನಕ್ಕೆ ಯುದ್ಧ ಶುರುವಾಯ್ತು. ಯುದ್ಧದಲ್ಲಿ ಜೇಮ್ಸ್ ಬ್ರಿಟಿಷ್ ಸೇನೆಯ ಫಿರಂಗಿ ದಳ ರಾಯಲ್ ಆರ್ಟಿಲರಿ ಸೇರ್ದ.

1949ರಲ್ಲಿ ಆರ್ಸೆನಲ್ ವಾಪಸ್ ಕರೀತು, ಹುಡುಗರ ಟೀಮಿಗೆ ಕೋಚ್ ಆಗಿ. 1953ರ ಮೇ 1ಕ್ಕೆ ಆರ್ಸೆನಲ್ ಮತ್ತೆ ಲೀಗ್ ಗೆದ್ದಿತು, ಸರಿಯಾಗಿ ಒಂದು ತಿಂಗಳಿಗೆ, ಜೂನ್ 1ಕ್ಕೆ, ಕ್ಯಾನ್ಸರ್‌ನಿಂದ ಜೇಮ್ಸ್ ಹೋಗ್ಬಿಟ್ಟ. 51 ವರ್ಷ. 1930ರ ಫೈನಲ್‌ದು ಹಳೇ ನ್ಯೂಸ್‌ರೀಲ್ ಫಿಲ್ಮ್ ಇದೆ, ಕಪ್ಪು ಬಿಳುಪು, ಮಸುಕು ಮಸುಕು. ಸಿಕ್ರೆ ನೋಡಿ. ಬಾಲ್ ಹಿಂದೆ ಓಡ್ಬೇಡಿ, ಆ ದೊಡ್ಡ ಚಡ್ಡಿ ಎಲ್ಲಿದೆ ಅಂತ ಹುಡುಕಿ, ಸ್ವಲ್ಪ ಹೊತ್ತಲ್ಲಿ ಬಾಲ್ ಅಲ್ಲಿಗೇ ಬರುತ್ತೆ.